'ಹೇಳಿದ್ದರೆ ಬರುತ್ತಿದ್ದೆ': ಇದನ್ನು ಇಂಗ್ಲಿಷಿನಲ್ಲಿ ಮಕ್ಕಳು ಯಾಕೆ ತಪ್ಪು ಬರೆಯುತ್ತಾರೆ?

ಸಂಜೆಪಾಠ (ಹಾಸನ):

ಸಂಜೆ ಹೊತ್ತು ಹೈಸ್ಕೂಲು ಮತ್ತು ಪಿಯು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಪರೀಕ್ಷೆಯಲ್ಲಿ 'ಇಫ್ ಕ್ಲಾಸ್' ಪ್ರಶ್ನೆ ಬರುತ್ತದೆಂದು ಎಲ್ಲರೂ ಸೂತ್ರವನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. 'ಇಫ್' ಇರುವ ಭಾಗದಲ್ಲಿ 'ಹ್ಯಾಡ್' ಮತ್ತು ಕ್ರಿಯಾಪದದ ಮೂರನೆಯ ರೂಪ, ಇನ್ನೊಂದು ಭಾಗದಲ್ಲಿ 'ವುಡ್ ಹ್ಯಾವ್' ಮತ್ತು ಮೂರನೆಯ ರೂಪ. ಬಿಟ್ಟ ಸ್ಥಳ ತುಂಬಲು ಹೇಳಿದರೆ ಒಬ್ಬರೂ ತಪ್ಪುವುದಿಲ್ಲ. ಸ್ವಂತವಾಗಿ ನಾಲ್ಕು ಸಾಲು ಬರೆಯಲು ಹೇಳಿದರೆ ಮಾತ್ರ ಇಂಥ ವಾಕ್ಯಗಳು ಮತ್ತೆ ಮತ್ತೆ ಬರುತ್ತವೆ:

'ಇಫ್ ಯೂ ಟೋಲ್ಡ್ ಮಿ, ಐ ವಾಸ್ ಕಮಿಂಗ್.'

'ಇಫ್ ಐ ವುಡ್ ಹ್ಯಾವ್ ಸ್ಟಡೀಡ್ ವೆಲ್, ಐ ವುಡ್ ಹ್ಯಾವ್ ಪಾಸ್ಡ್.'

'ಇಫ್ ಹಿ ಹ್ಯಾಡ್ ಕಮ್, ಟೆಲ್ ಹಿಮ್ ಟು ವೇಟ್.'

ಎರಡನೆಯದನ್ನು ತಿದ್ದಿದಾಗ ಒಬ್ಬ ಹುಡುಗಿ, "ಅಮೆರಿಕದ ಧಾರಾವಾಹಿಗಳಲ್ಲಿ ಹೀಗೇ ಮಾತನಾಡುತ್ತಾರಲ್ಲ ಮೇಡಂ" ಎಂದಳು. ದಯವಿಟ್ಟು ಸೂತ್ರವನ್ನೇ ಇನ್ನೊಮ್ಮೆ ಬರೆದು ಕಳಿಸಬೇಡಿ. ಸೂತ್ರ ಗೊತ್ತಿದ್ದೂ ಕೈ ಯಾಕೆ ತಪ್ಪುತ್ತದೆ ಎಂಬುದು ನನಗೆ ಬೇಕಾಗಿರುವ ಉತ್ತರ.

ಹಳೆಯ ಮೇಷ್ಟ್ರು (ಶಿವಮೊಗ್ಗ):

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಆ ಮಕ್ಕಳು ಏನೂ ಯೋಚಿಸದೆ ಬರೆದದ್ದಲ್ಲ. ಕನ್ನಡದಲ್ಲಿ ಸರಿಯಾಗಿಯೇ ಯೋಚಿಸಿದ್ದಾರೆ, ಆ ವ್ಯವಸ್ಥೆಯನ್ನು ಹಾಗೆಯೇ ಇಂಗ್ಲಿಷಿಗೆ ಒಯ್ದಿದ್ದಾರೆ. ಮೂರು ವಾಕ್ಯಗಳಲ್ಲಿ ಎರಡಕ್ಕಾದರೂ ಮೂಲ ಇಲ್ಲೇ ಇದೆ.

ಮೊದಲನೆಯದನ್ನು ನೋಡಿ. ನಮ್ಮ 'ಬರುತ್ತಿದ್ದೆ' ಎಂಬ ಒಂದೇ ರೂಪ ಮೂರು ಕೆಲಸ ಮಾಡುತ್ತದೆ. "ಬರುತ್ತಿದ್ದೆ, ದಾರಿಯಲ್ಲಿ ಮಳೆ ಹಿಡಿಯಿತು" ಎಂದಾಗ ಅದು ನಡೆಯುತ್ತಿದ್ದ ಕ್ರಿಯೆ. "ಚಿಕ್ಕವನಿದ್ದಾಗ ಪ್ರತಿ ವಾರ ಈ ಸಂತೆಗೆ ಬರುತ್ತಿದ್ದೆ" ಎಂದಾಗ ರೂಢಿ. "ನೀನು ಹೇಳಿದ್ದರೆ ಬರುತ್ತಿದ್ದೆ" ಎಂದಾಗ ಬಂದೇ ಇಲ್ಲ! ಇಂಗ್ಲಿಷಿನಲ್ಲಿ ಈ ಮೂರಕ್ಕೆ ಮೂರು ಬೇರೆ ರೂಪಗಳು: 'ವಾಸ್ ಕಮಿಂಗ್', 'ಯೂಸ್ಡ್ ಟು ಕಮ್', 'ವುಡ್ ಹ್ಯಾವ್ ಕಮ್'. ಶಾಲೆಯಲ್ಲಿ '-ತ್ತಿದ್ದೆ' ಎಂದರೆ 'ವಾಸ್' ಜೊತೆ '-ಇಂಗ್' ಎಂದು ಮೊದಲು ಕಲಿಸುತ್ತೇವೆ. ಮಗುವಿನ ಕೈ ಅದನ್ನೇ ಬರೆಯುತ್ತದೆ.

ಇನ್ನು 'ಇಫ್' ಭಾಗ. ಕನ್ನಡದಲ್ಲಿ ಒಂದು ಒತ್ತಕ್ಷರ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ಮಕ್ಕಳಿಗೆ ತೋರಿಸಿ:

"ಅಜ್ಜಿ ಕರೆದರೆ ಓಡಿಹೋಗುತ್ತಿದ್ದೆ."

"ಅಜ್ಜಿ ಕರೆದಿದ್ದರೆ ಓಡಿಹೋಗುತ್ತಿದ್ದೆ."

ಮೊದಲನೆಯದರಲ್ಲಿ ಅಜ್ಜಿ ಕರೆಯುತ್ತಿದ್ದರು, ಮೊಮ್ಮಗ ಓಡುತ್ತಿದ್ದ. ಎಷ್ಟೋ ಸಲ ನಡೆದ ಸಂಗತಿ. ಎರಡನೆಯದರಲ್ಲಿ ಅಜ್ಜಿ ಕರೆಯಲಿಲ್ಲ, ಮೊಮ್ಮಗ ಹೋಗಲಿಲ್ಲ. ಕೊನೆಯ ಕ್ರಿಯಾಪದ ಎರಡರಲ್ಲೂ ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದು 'ಇಫ್ ಗ್ರ್ಯಾಂಡ್‌ಮದರ್ ಕಾಲ್ಡ್, ಐ ವುಡ್ ರನ್ ಟು ಹರ್'. ಎರಡನೆಯದು 'ಇಫ್ ಗ್ರ್ಯಾಂಡ್‌ಮದರ್ ಹ್ಯಾಡ್ ಕಾಲ್ಡ್, ಐ ವುಡ್ ಹ್ಯಾವ್ ರನ್ ಟು ಹರ್'. ಅಲ್ಲಿ ಎರಡೂ ಕಡೆ ಬದಲಾವಣೆ ಆಗಲೇಬೇಕು.

ನಿಮ್ಮ ಮೂರನೆಯ ವಾಕ್ಯ ಇದಕ್ಕಿಂತ ಸೂಕ್ಷ್ಮ. 'ಬಂದಿದ್ದರೆ' ಎಂಬುದು ತಾನೇ ಏನನ್ನೂ ತೀರ್ಮಾನಿಸುವುದಿಲ್ಲ. "ಅವನು ಬಂದಿದ್ದರೆ ಕಾಯಲು ಹೇಳು" ಎಂದರೆ ಬಂದಿದ್ದಾನೋ ಇಲ್ಲವೋ ಹೇಳುವವನಿಗೆ ತಿಳಿಯದು. "ಅವನು ಬಂದಿದ್ದರೆ ಕೆಲಸ ಮುಗಿಯುತ್ತಿತ್ತು" ಎಂದರೆ ಅವನು ಬರಲಿಲ್ಲ. ವಾಕ್ಯದ ಕೊನೆಗೆ ಬಂದ ಮೇಲೆಯೇ ನಮಗೆ ಇದು ಯಾವ ಬಗೆಯ 'ಬಂದಿದ್ದರೆ' ಎಂದು ಗೊತ್ತಾಗುವುದು. ಇಂಗ್ಲಿಷಿನಲ್ಲಿ ಅಷ್ಟು ಹೊತ್ತು ಕಾಯುವ ಹಾಗಿಲ್ಲ. ಆರಂಭದಲ್ಲೇ 'ಹ್ಯಾಸ್ ಕಮ್' ಬೇಕೋ 'ಹ್ಯಾಡ್ ಕಮ್' ಬೇಕೋ ನಿರ್ಧರಿಸಬೇಕು. 'ಟೆಲ್ ಹಿಮ್ ಟು ವೇಟ್' ಎಂದು ಮುಗಿಸುವುದಾದರೆ 'ಇಫ್ ಹಿ ಹ್ಯಾಸ್ ಕಮ್' ಎಂದೇ ಶುರುಮಾಡಬೇಕು.

ಹಾಗಾಗಿ ನನ್ನ ತರಗತಿಯಲ್ಲಿ ಸೂತ್ರ ಆಮೇಲೆ. ಮೊದಲ ಪ್ರಶ್ನೆ ಒಂದೇ: "ಅದು ನಡೆಯಿತೇ?" ನಡೆಯಲಿಲ್ಲ ಎಂದು ಖಚಿತವಾಗಿ ಗೊತ್ತಿದ್ದರೆ ಮಾತ್ರ 'ಹ್ಯಾಡ್' ಮತ್ತು 'ವುಡ್ ಹ್ಯಾವ್' ಜೋಡಿ. ನಡೆದಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ 'ಹ್ಯಾಸ್' ಅಥವಾ 'ಹ್ಯಾವ್'. ಆಗಾಗ ನಡೆಯುತ್ತಿತ್ತು ಎಂದಾದರೆ ಸಾದಾ ಭೂತಕಾಲ.

ಕಡಲಾಚೆ (ನ್ಯೂಜೆರ್ಸಿ):

ಮೇಷ್ಟ್ರು ಹೇಳಿದ್ದು ಮೊದಲನೆಯದಕ್ಕೂ ಮೂರನೆಯದಕ್ಕೂ ಹೊಂದುತ್ತದೆ. ಎರಡನೆಯ ವಾಕ್ಯದ ಬಗ್ಗೆ ಆ ಹುಡುಗಿ ಹೇಳಿದ ಮಾತು ನಿಜ. ಇಲ್ಲಿಯೇ ಹುಟ್ಟಿ ಬೆಳೆದು ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ತಿಳಿಯದ ನನ್ನ ಸಹೋದ್ಯೋಗಿಗಳು ಊಟದ ಮೇಜಿನಲ್ಲಿ 'ಇಫ್ ಐ ವುಡ್ ಹ್ಯಾವ್ ನೋನ್' ಎಂದು ಧಾರಾಳವಾಗಿ ಹೇಳುತ್ತಾರೆ. ಅದು ಕನ್ನಡಿಗರಿಂದ ಹುಟ್ಟಿದ ದೋಷವಲ್ಲ. ವಾಕ್ಯದ ಎರಡೂ ಭಾಗಗಳನ್ನು ಒಂದೇ ಅಚ್ಚಿನಲ್ಲಿ ಹೊಯ್ಯಬೇಕೆಂಬ ಆಸೆ ಇಂಗ್ಲಿಷಿನೊಳಗೇ ಇದೆ. ಬ್ರಿಟನ್ನಿನಲ್ಲೂ 'ಇಫ್ ಐಡ್ ಹ್ಯಾವ್ ನೋನ್' ಎಂಬ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಅಲ್ಲಿಯ 'ಡ್' ಸದ್ದು 'ಹ್ಯಾಡ್' ಇರಬಹುದು, 'ವುಡ್' ಇರಬಹುದು. ಹೇಳಿದವರನ್ನೇ ಕೇಳಿದರೂ ಥಟ್ಟನೆ ಉತ್ತರ ಬರುವುದಿಲ್ಲ.

ಆದರೆ ಇದೇ ಜನ ವರದಿ ಬರೆಯುವಾಗ 'ಇಫ್ ಐ ಹ್ಯಾಡ್ ನೋನ್' ಎಂದೇ ಬರೆಯುತ್ತಾರೆ. ತಿದ್ದಿ ಪ್ರಕಟಿಸಿದ ಪುಸ್ತಕ, ಪತ್ರಿಕೆಗಳಲ್ಲೂ ಅದೇ ರೂಪ. ಆದ್ದರಿಂದ "ಇದು ಆಡುವ ಮಾತು, ಅದು ಬರೆಯುವ ಭಾಷೆ" ಎಂದು ಹೇಳಿಕೊಡಬಹುದಲ್ಲ? ಕನ್ನಡದ ಮಗುವಿಗೆ ಈ ವ್ಯತ್ಯಾಸ ಹೊಸದೇನೂ ಅಲ್ಲ. ಮನೆಯಲ್ಲಿ ಒಂದು ಬಗೆಯಲ್ಲಿ ಮಾತನಾಡಿ, ಉತ್ತರ ಪತ್ರಿಕೆಯಲ್ಲಿ ಇನ್ನೊಂದು ಬಗೆಯಲ್ಲಿ ಬರೆಯುವುದು ಅದಕ್ಕೆ ಅಭ್ಯಾಸವಾಗಿದೆ.

ಹಳೆಯ ಮೇಷ್ಟ್ರು (ಶಿವಮೊಗ್ಗ):

ಕಡಲಾಚೆಯವರೇ, ವಿಷಯ ನೀವು ಹೇಳಿದಂತೆಯೇ ಇದೆ, ಒಪ್ಪುತ್ತೇನೆ. ತರಗತಿಯ ಮಟ್ಟಿಗೆ ನನ್ನ ನಿಲುವು ಬೇರೆ. ನ್ಯೂಜೆರ್ಸಿಯಲ್ಲಿ ಹುಟ್ಟಿದವನು 'ವುಡ್ ಹ್ಯಾವ್ ನೋನ್' ಎಂದರೆ ಅವನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಅರಕಲಗೂಡಿನ ಹುಡುಗಿ ಸಂದರ್ಶನದಲ್ಲಿ ಅದೇ ಮಾತು ಹೇಳಿದರೆ, ಎದುರು ಕುಳಿತವರು ಅವಳ ಶಾಲೆಯ ಹೆಸರನ್ನು ಇನ್ನೊಮ್ಮೆ ಓದುತ್ತಾರೆ. ಇದು ಅನ್ಯಾಯ. ಆದರೆ ಅದರ ಭಾರ ಹೊರುವವಳು ಅವಳು, ಹಾಗಾಗಿ ನಾನು ಕೆಂಪು ಗೆರೆ ಎಳೆದೇ ಎಳೆಯುತ್ತೇನೆ, ಕಾರಣವನ್ನೂ ಹೇಳುತ್ತೇನೆ.

'ಇಫ್' ಭಾಗದಲ್ಲಿ 'ವುಡ್' ಬರಲೇಬಾರದು ಎಂದು ಮಾತ್ರ ಕಲಿಸಬೇಡಿ. 'ಇಫ್ ಯೂ ವುಡ್ ವೇಟ್ ಎ ಮಿನಿಟ್' ಎಂಬ ಸೌಜನ್ಯದ ಕೋರಿಕೆ ಸರಿಯಾಗಿಯೇ ಇದೆ. ಅಲ್ಲಿ 'ವುಡ್' ಎಂದರೆ ಮನಸ್ಸು ಮಾಡುವುದು, "ದಯವಿಟ್ಟು ಒಂದು ನಿಮಿಷ ಕಾಯುತ್ತೀರಾ" ಎಂಬ ಧಾಟಿ.

ಕಡಲಾಚೆ (ನ್ಯೂಜೆರ್ಸಿ):

ಅನ್ಯಾಯ ಎಂದು ಗೊತ್ತಿದ್ದ ಮೇಲೆ ಅದನ್ನು ಮಕ್ಕಳಿಗೂ ಬಿಡಿಸಿ ಹೇಳಬೇಕು ಎಂಬುದಷ್ಟೇ ನನ್ನ ಮಾತು. ಇಲ್ಲವಾದರೆ ಅವರೇ ನಾಳೆ ಇನ್ನೊಬ್ಬರ ಶಾಲೆಯ ಹೆಸರು ಓದುವವರಾಗುತ್ತಾರೆ. ಈ ವಿಷಯದಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆ ಬೇರೆಯಾಗಿಯೇ ಇರಲಿ.

ಪಿಯು ವಿದ್ಯಾರ್ಥಿನಿ:

ನಮಸ್ಕಾರ ಸರ್. ನನಗೆ ಅರ್ಥವಾಗದ್ದು 'ಹ್ಯಾಡ್ ಹ್ಯಾಡ್'. 'ಇಫ್ ಐ ಹ್ಯಾಡ್ ಹ್ಯಾಡ್ ಮನಿ' ಎಂದು ಪುಸ್ತಕದಲ್ಲಿದೆ. ಎರಡು ಸಲ ಯಾಕೆ? ಬರೆಯುವಾಗ ತಪ್ಪು ಮಾಡಿದೆನೋ ಎಂದು ಭಯವಾಗಿ ಒಂದನ್ನು ಅಳಿಸಿಬಿಡುತ್ತೇನೆ.

ಅನುವಾದದ ಮೇಜು (ಬೆಂಗಳೂರು):

ಇದಕ್ಕೆ ನಾನು ಉತ್ತರಿಸುತ್ತೇನೆ, ಮೇಷ್ಟ್ರು ಅನುಮತಿ ಕೊಡಬೇಕು. ನೋಡಮ್ಮ, ನೀನು ಕನ್ನಡದಲ್ಲಿ "ದುಡ್ಡು ಇದ್ದಿದ್ದರೆ ಕೊಡುತ್ತಿದ್ದೆ" ಎನ್ನುತ್ತೀಯಲ್ಲ, ಅಲ್ಲಿ 'ಇದ್ದಿ' ಒಮ್ಮೆ, 'ಇದ್ದರೆ' ಇನ್ನೊಮ್ಮೆ. 'ಇರು' ಎಂಬ ಒಂದೇ ಧಾತು ಎರಡು ಸಲ ಬಂದಿದೆ. ಮೊದಲನೆಯದು ದುಡ್ಡು ಇರುವುದರ ಬಗ್ಗೆ, ಎರಡನೆಯದು ಕಾಲವನ್ನು ಹಿಂದಕ್ಕೆ ತಳ್ಳಲು. ಇಂಗ್ಲಿಷಿನಲ್ಲೂ ಅದೇ ಕಥೆ, ಸ್ಥಾನ ಮಾತ್ರ ಅದಲು ಬದಲು. ಮೊದಲ 'ಹ್ಯಾಡ್' ಕಾಲದ್ದು, ಎರಡನೆಯ 'ಹ್ಯಾಡ್' ಹಣ ಇರುವುದರದ್ದು. ಅಳಿಸಬೇಡ. ಒಂದನ್ನು ಅಳಿಸಿದರೆ 'ಇಫ್ ಐ ಹ್ಯಾಡ್ ಮನಿ' ಆಗುತ್ತದೆ. ಅದು "ಈಗ ನನ್ನ ಬಳಿ ದುಡ್ಡು ಇದ್ದಿದ್ದರೆ" ಎಂಬ ಇಂದಿನ ಮಾತಾಗಿ, 'ಐ ವುಡ್ ಗಿವ್ ಇಟ್' ಎಂದು ಮುಗಿಯಬೇಕಾಗುತ್ತದೆ.

ಇಲ್ಲಿ ಕನ್ನಡ ಸ್ವಲ್ಪ ಉದಾರ. "ದುಡ್ಡು ಇದ್ದಿದ್ದರೆ ಕೊಡುತ್ತಿದ್ದೆ" ಎಂಬುದನ್ನು ನಿನ್ನೆಯ ಬಗ್ಗೆಯೂ ಹೇಳುತ್ತೇವೆ, ಈ ಕ್ಷಣ ಸಾಲ ಕೇಳಲು ಬಂದವರಿಗೂ ಹೇಳುತ್ತೇವೆ. ಇಂಗ್ಲಿಷಿಗೆ ಹೋಗುವಾಗ ನಿನ್ನೆಯೋ ಇಂದೋ ಎಂದು ಕೇಳಿಕೊಳ್ಳಲೇಬೇಕು.

ಪಿಯು ವಿದ್ಯಾರ್ಥಿನಿ:

ತುಂಬಾ ಧನ್ಯವಾದ ಮೇಡಂ. 'ಇದ್ದಿದ್ದರೆ' ಎಂದು ದಿನಾ ಹೇಳುತ್ತೇನೆ, ಅದರಲ್ಲಿ ಎರಡು 'ಇರು' ಇದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ನೇರಮಾತು (ಹುಬ್ಬಳ್ಳಿ):

ಕ್ಷಮಿಸಿ, ನನ್ನದು ಬೇರೆ ಅಭಿಪ್ರಾಯ. 'ಇಫ್ ಯೂ ಟೋಲ್ಡ್ ಮಿ, ಐ ವಾಸ್ ಕಮಿಂಗ್' ಎಂದರೆ ಕೇಳುವವರಿಗೆ ಅರ್ಥವಾಗುತ್ತದೆ. ಅರ್ಥವಾದರೆ ಸಾಕು. ಅಂಗಡಿ, ಬ್ಯಾಂಕು, ಬಸ್ ನಿಲ್ದಾಣ ಎಲ್ಲ ಕಡೆ ಇಂಥ ಇಂಗ್ಲಿಷಿನಲ್ಲೇ ಕೆಲಸ ನಡೆಯುತ್ತಿದೆ. ಒಂದು 'ಹ್ಯಾಡ್'ಗಾಗಿ ಮಕ್ಕಳನ್ನು ಇಷ್ಟು ಹೆದರಿಸುವುದು ಬೇಕೇ?

ದೂರು ವಿಭಾಗ (ಮಂಗಳೂರು):

ನೇರಮಾತಿನವರೇ, ಮಕ್ಕಳನ್ನು ಹೆದರಿಸಬಾರದು ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆ. ಅರ್ಥವಾದರೆ ಸಾಕು ಎಂಬುದನ್ನು ಮಾತ್ರ ಒಪ್ಪಲಾರೆ, ಏಕೆಂದರೆ ಒಮ್ಮೊಮ್ಮೆ ಬೇರೆಯೇ ಅರ್ಥವಾಗುತ್ತದೆ. ನಾನು ವಿಮೆಯ ಕೆಲಸದಲ್ಲಿದ್ದೇನೆ, ಗ್ರಾಹಕರಿಗೆ ಹೋಗುವ ಪತ್ರಗಳನ್ನು ನೋಡುತ್ತೇನೆ. ಒಮ್ಮೆ ಒಬ್ಬ ಗ್ರಾಹಕರ ಆಸ್ಪತ್ರೆ ಬಿಲ್ಲುಗಳು ಕಡತದಲ್ಲಿ ಕಾಣುತ್ತಿರಲಿಲ್ಲ. ಅವರು ಕಳಿಸಿದ್ದಾರೋ ಇಲ್ಲವೋ ಪತ್ರ ಬರೆಯುವವರಿಗೆ ಗೊತ್ತಿರಲಿಲ್ಲ. "ಬಿಲ್ ಕಳಿಸಿದ್ದರೆ ಹಣ ಕೊಡುತ್ತೇವೆ" ಎಂಬುದು ಅವರ ಮನಸ್ಸಿನಲ್ಲಿದ್ದ ಮಾತು. ಕಾಗದದ ಮೇಲೆ ಬಂದದ್ದು ಹೀಗೆ: 'ಇಫ್ ಯೂ ಹ್ಯಾಡ್ ಸೆಂಟ್ ದ ಬಿಲ್ಸ್, ವಿ ವುಡ್ ಹ್ಯಾವ್ ಪೇಯ್ಡ್ ದ ಅಮೌಂಟ್.'

ಓದಿದವರಿಗೆ ಇದು ನೇರ ಆರೋಪ. ನೀವು ಬಿಲ್ ಕಳಿಸಲಿಲ್ಲ, ಆದ್ದರಿಂದ ನಾವು ಹಣ ಕೊಡಲಿಲ್ಲ, ಕಥೆ ಮುಗಿಯಿತು. ಆ ಗ್ರಾಹಕರು ಬಿಲ್ ಕಳಿಸಿದ್ದರು. ಕೊರಿಯರ್ ರಸೀದಿ ಹಿಡಿದುಕೊಂಡು ಬಂದು, "ನನ್ನನ್ನು ಸುಳ್ಳುಗಾರ ಎನ್ನುತ್ತೀರಾ" ಎಂದು ಕೇಳಿದರು. ಅವರ ಸಿಟ್ಟು ನ್ಯಾಯವಾದದ್ದು. 'ಇಫ್ ಯೂ ಹ್ಯಾವ್ ಸೆಂಟ್ ದ ಬಿಲ್ಸ್, ವಿ ವಿಲ್ ಪೇ ದ ಅಮೌಂಟ್' ಎಂದಿದ್ದರೆ ಬಾಗಿಲು ತೆರೆದೇ ಇರುತ್ತಿತ್ತು. 'ಹ್ಯಾವ್' ಮತ್ತು 'ಹ್ಯಾಡ್' ನಡುವೆ ಇಷ್ಟು ಅಂತರವಿದೆ.

ಇನ್ನೂ ಒಂದು ಮಾತು. ವ್ಯಾಕರಣ ಸರಿಯಿದ್ದರೂ ಗ್ರಾಹಕರಿಗೆ ಬರೆಯುವಾಗ 'ಇಫ್ ಯೂ ಹ್ಯಾಡ್' ಎಂದು ಶುರುಮಾಡುವುದನ್ನು ಆದಷ್ಟು ಬಿಡಿ. ಆ ರೂಪದಲ್ಲೇ "ನೀವು ಮಾಡಲಿಲ್ಲ" ಎಂಬ ದೂರು ಅಡಗಿದೆ. ಮಾಡಬೇಕಾದದ್ದನ್ನು ಮುಂದಿನ ಕಾಲಕ್ಕೆ ತಿರುಗಿಸಿ ಹೇಳಿದರೆ ಪತ್ರ ಮೃದುವಾಗುತ್ತದೆ.

ನೇರಮಾತು (ಹುಬ್ಬಳ್ಳಿ):

ಈ ಉದಾಹರಣೆ ನನ್ನನ್ನು ಯೋಚಿಸುವಂತೆ ಮಾಡಿತು. ಬರವಣಿಗೆಗೆ ಒಪ್ಪಿದೆ. ಮಾತಿನಲ್ಲಿ ಮಾತ್ರ ಸ್ವಲ್ಪ ಸಡಿಲು ಇರಲಿ ಎಂಬುದು ನನ್ನ ಹಟ.

ಅನುವಾದದ ಮೇಜು (ಬೆಂಗಳೂರು):

'ವುಡ್ ಹ್ಯಾವ್' ಬಗ್ಗೆ ಎಲ್ಲರೂ ಮಾತನಾಡುತ್ತಿದ್ದೀರಿ. ಅದರ ಬಂಧುಗಳಾದ 'ಶುಡ್ ಹ್ಯಾವ್', 'ಮಸ್ಟ್ ಹ್ಯಾವ್', 'ಕುಡ್ ಹ್ಯಾವ್', 'ಮೇ ಹ್ಯಾವ್', 'ಮೈಟ್ ಹ್ಯಾವ್' ಇನ್ನೂ ಹೆಚ್ಚು ಕಾಡುತ್ತವೆ. ಇಲ್ಲಿ ಕನ್ನಡ ನಮಗೆ ತೊಡಕಲ್ಲ, ದೊಡ್ಡ ಸಹಾಯ. ಈ ನಾಲ್ಕು ಮಾತುಗಳನ್ನು ಗಟ್ಟಿಯಾಗಿ ಓದಿ:

ಹೋಗಿರಬೇಕು. ಹೋಗಬೇಕಿತ್ತು.

ಹೋಗಿರಬಹುದು. ಹೋಗಬಹುದಿತ್ತು.

"ಅವರು ಮನೆಗೆ ಹೋಗಿರಬೇಕು" ಎಂದರೆ ಊಹೆ. ಚಪ್ಪಲಿ ಕಾಣುತ್ತಿಲ್ಲ, ಹಾಗಾಗಿ ಹೋಗಿದ್ದಾರೆ. ಇದು 'ಮಸ್ಟ್ ಹ್ಯಾವ್ ಗಾನ್'. "ಅವರು ಮನೆಗೆ ಹೋಗಬೇಕಿತ್ತು" ಎಂದರೆ ಹೋಗಲಿಲ್ಲ, ಹೋಗಿದ್ದರೆ ಒಳ್ಳೆಯದಿತ್ತು. ಇದು 'ಶುಡ್ ಹ್ಯಾವ್ ಗಾನ್'. "ಹೋಗಿರಬಹುದು" ಎಂಬುದು 'ಮೇ ಹ್ಯಾವ್ ಗಾನ್', ನಮಗೆ ಗೊತ್ತಿಲ್ಲ. "ಹೋಗಬಹುದಿತ್ತು" ಎಂಬುದು 'ಕುಡ್ ಹ್ಯಾವ್ ಗಾನ್', ಅವಕಾಶ ಇತ್ತು, ಬಳಸಿಕೊಳ್ಳಲಿಲ್ಲ.

ಕನ್ನಡ ಭೂತಕಾಲದ ಗುರುತನ್ನು ಎಲ್ಲಿ ಇಡುತ್ತದೆ ಎಂಬುದನ್ನು ಗಮನಿಸಿ. ಊಹೆಯಾದರೆ 'ಹೋಗಿ' ಎಂದು ಕ್ರಿಯೆಗೆ ಅಂಟಿಸುತ್ತದೆ. ಕೈತಪ್ಪಿದ ಸಂಗತಿಯಾದರೆ 'ಬೇಕಿತ್ತು', 'ಬಹುದಿತ್ತು' ಎಂದು ಬೇಕು, ಬಹುದುಗಳಿಗೆ ಅಂಟಿಸುತ್ತದೆ. ಇಂಗ್ಲಿಷಿನಲ್ಲಿ ಎಲ್ಲ ಕಡೆಯೂ 'ಹ್ಯಾವ್' ಒಂದೇ ಜಾಗದಲ್ಲಿ ಕೂರುತ್ತದೆ, ಆದ್ದರಿಂದ ಮೊದಲ ಪದವೇ ಭಾರ ಹೊರಬೇಕು. 'ಬೇಕು' ಕಂಡ ಕೂಡಲೇ 'ಶುಡ್' ಎಂದು ಬರೆಯುವ ಅಭ್ಯಾಸದಿಂದ "ಅವರು ತೀರಿಹೋಗಿರಬೇಕು" ಎಂಬ ವಾಕ್ಯ 'ಹಿ ಶುಡ್ ಹ್ಯಾವ್ ಡೈಡ್' ಆಗಿ, ಅವರು ಸಾಯಬೇಕಿತ್ತು ಎಂಬ ಅರ್ಥ ಕೊಡುತ್ತದೆ. ಹಸ್ತಪ್ರತಿ ತಿದ್ದುವಾಗ ನಾನು ಅತ್ಯಂತ ಹೆಚ್ಚು ಎಚ್ಚರ ವಹಿಸುವುದು ಈ ಜಾಗದಲ್ಲಿ.

'ಮೇ ಹ್ಯಾವ್' ಮತ್ತು 'ಮೈಟ್ ಹ್ಯಾವ್' ನಡುವೆಯೂ ಗೆರೆ ಇದೆ. 'ಇಫ್ ದ ಆಂಬ್ಯುಲೆನ್ಸ್ ಹ್ಯಾಡ್ ಕಮ್ ಅರ್ಲಿಯರ್, ಹಿ ಮೇ ಹ್ಯಾವ್ ಸರ್ವೈವ್ಡ್' ಎಂದು ಇಂಗ್ಲಿಷ್ ಪತ್ರಿಕೆಗಳಲ್ಲೂ ಆಗಾಗ ಬರುತ್ತದೆ. 'ಮೇ ಹ್ಯಾವ್' ಎಂದರೆ ಬದುಕಿರಲೂಬಹುದು, ವಿಷಯ ಇನ್ನೂ ತಿಳಿದಿಲ್ಲ ಎಂದಾಗುತ್ತದೆ. ಆ ಮನುಷ್ಯ ಬದುಕುಳಿಯಲಿಲ್ಲ ಎಂದು ಗೊತ್ತಿರುವಾಗ 'ಮೈಟ್ ಹ್ಯಾವ್ ಸರ್ವೈವ್ಡ್' ಎಂದೇ ಬರೆಯಬೇಕು. "ಬದುಕುತ್ತಿದ್ದರೇನೋ" ಎಂದು ಕನ್ನಡದಲ್ಲಿ ನಾವು ಹೇಳುವ ಆ 'ಏನೋ' ಇಂಗ್ಲಿಷಿನಲ್ಲಿ 'ಮೈಟ್'.

ಸಂಜೆಪಾಠ (ಹಾಸನ):

ಹೋಗಿರಬೇಕು, ಹೋಗಬೇಕಿತ್ತು ಎಂಬ ಜೋಡಿಯನ್ನು ಇಂದೇ ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ತಾವಾಗಿಯೇ "ತಿಂದಿರಬೇಕು, ತಿನ್ನಬೇಕಿತ್ತು" ಎಂದು ಬೆಳೆಸಿಕೊಂಡು ಹೋದರು. ಆದರೆ ಹುಡುಗರಿಗೆ ಪಾಠದ ವಾಕ್ಯಗಳು ಬೇಸರ. ಅವರೇ ಆಸೆಪಟ್ಟು ಓದುವಂಥ ಉದಾಹರಣೆಗಳು ಯಾರ ಬಳಿಯಾದರೂ ಇವೆಯೇ?

ಮೂರನೆಯ ಸ್ಲಿಪ್ (ಮೈಸೂರು):

ಮೇಡಂ, ಕ್ರಿಕೆಟ್ ಕಲಿಸಿ! ನಡೆಯದೇ ಹೋದದ್ದರ ಬಗ್ಗೆ ಕ್ರಿಕೆಟ್ ಪ್ರೇಮಿಗಳಷ್ಟು ಮಾತನಾಡುವವರು ಇನ್ನಾರೂ ಇಲ್ಲ. 1983ರ ವಿಶ್ವಕಪ್ ಒಂದೇ ಸಾಕು, ನಮ್ಮ ರಾಜ್ಯದ ಸೈಯದ್ ಕಿರ್ಮಾನಿ, ರೋಜರ್ ಬಿನ್ನಿ ಇಬ್ಬರೂ ಅದರಲ್ಲಿದ್ದಾರೆ.

ಜೂನ್ 18, ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಮೈದಾನ, ಎದುರಾಳಿ ಜಿಂಬಾಬ್ವೆ. 17 ರನ್ನಿಗೆ ಭಾರತದ 5 ವಿಕೆಟ್ ಬಿದ್ದಿದ್ದವು. 140ಕ್ಕೆ 8 ಆದಾಗ ಕಿರ್ಮಾನಿ ಬಂದು ಕಪಿಲ್ ದೇವ್ ಜೊತೆ ನಿಂತರು. ಒಂಬತ್ತನೆಯ ವಿಕೆಟ್ಟಿಗೆ ಮುರಿಯದ 126 ರನ್ ಸೇರಿತು. ಕಪಿಲ್ ಔಟಾಗದೆ 175, ಕಿರ್ಮಾನಿ ಔಟಾಗದೆ 24. ಮೊತ್ತ 60 ಓವರುಗಳಲ್ಲಿ 266, ಗೆಲುವು 31 ರನ್‌ಗಳಿಂದ. ಈಗ ವಾಕ್ಯ ಮಾಡಿಸಿ:

'ಇಫ್ ಕಿರ್ಮಾನಿ ಹ್ಯಾಡ್ ಗಾಟ್ ಔಟ್ ಅರ್ಲಿ, ಕಪಿಲ್ ಮೈಟ್ ನಾಟ್ ಹ್ಯಾವ್ ರೀಚ್ಡ್ 175.'

ಇಲ್ಲಿ 'ವುಡ್ ನಾಟ್ ಹ್ಯಾವ್' ಏಕೆ ಬೇಡ ಎಂದು ಹುಡುಗರನ್ನೇ ಕೇಳಿ. ಬಲ್ವಿಂದರ್ ಸಂಧು ಇನ್ನೂ ಬ್ಯಾಟ್ ಮಾಡುವುದು ಬಾಕಿ ಇತ್ತು. ಅವರ ಜೊತೆಯಲ್ಲೂ ಕಪಿಲ್ ಆಡಿಬಿಡುತ್ತಿದ್ದರೇನೋ. ಖಚಿತವಿಲ್ಲದ ಕಡೆ 'ಮೈಟ್', ಖಚಿತವಿದ್ದರೆ 'ವುಡ್', ಸಾಧ್ಯತೆ ಅಥವಾ ಸಾಮರ್ಥ್ಯದ ಮಾತಾದರೆ 'ಕುಡ್'. ಮೂರರ ವ್ಯತ್ಯಾಸವನ್ನೂ ಹುಡುಗರು ಜಗಳವಾಡಿಯೇ ಕಲಿಯುತ್ತಾರೆ.

ಆ ಇನಿಂಗ್ಸಿನ ವಿಡಿಯೊ ಎಲ್ಲಿಯೂ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದರಿಂದ ಇನ್ನೊಂದು ಬಗೆಯ ವಾಕ್ಯ ಹುಟ್ಟುತ್ತದೆ: 'ಇಫ್ ದ ಮ್ಯಾಚ್ ಹ್ಯಾಡ್ ಬೀನ್ ಫಿಲ್ಮ್ಡ್, ವಿ ವುಡ್ ಸ್ಟಿಲ್ ಬಿ ವಾಚಿಂಗ್ ಇಟ್ ಟುಡೇ.' ಷರತ್ತು 1983ರದ್ದು, ಫಲ ಇಂದಿನದು. ಆದ್ದರಿಂದ ಎರಡನೆಯ ಭಾಗದಲ್ಲಿ 'ವುಡ್ ಹ್ಯಾವ್' ಬರುವುದಿಲ್ಲ. ಸೂತ್ರವನ್ನು ಕಣ್ಣುಮುಚ್ಚಿ ಹಾಕುವ ಮಕ್ಕಳು ಎಡವುವುದು ಇಲ್ಲಿ.

ಬಿನ್ನಿ ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದರು. 'ಇಫ್' ಇಲ್ಲದೆಯೂ ಹೇಳಬಹುದು ಎಂಬುದಕ್ಕೆ ಅವರನ್ನೇ ಕರೆಯಿರಿ: 'ಹ್ಯಾಡ್ ಬಿನ್ನಿ ನಾಟ್ ಟೇಕನ್ ದೋಸ್ ವಿಕೆಟ್ಸ್, ಇಂಡಿಯಾ ಮೈಟ್ ನಾಟ್ ಹ್ಯಾವ್ ರೀಚ್ಡ್ ದ ಫೈನಲ್.' 'ಹ್ಯಾಡ್' ಮುಂದಕ್ಕೆ ಬಂದಾಗ 'ನಾಟ್' ಅದಕ್ಕೆ ಅಂಟಿಕೊಳ್ಳುವುದಿಲ್ಲ. 'ಹ್ಯಾಡಂಟ್ ಬಿನ್ನಿ ಟೇಕನ್' ಎಂದು ಬರೆಯಬಾರದು.

ಜೂನ್ 25ರ ಲಾರ್ಡ್ಸ್ ಫೈನಲ್. ಮದನ್ ಲಾಲ್ ಎಸೆತದಲ್ಲಿ ಕಪಿಲ್ ಹಿಂದಕ್ಕೆ ಓಡಿ ಹಿಡಿದ ವಿವಿಯನ್ ರಿಚರ್ಡ್ಸ್ ಕ್ಯಾಚ್. ರಿಚರ್ಡ್ಸ್ ಆಗ 33. ನಮ್ಮ ಒಟ್ಟು ಮೊತ್ತ ಬರೀ 183. ಆ ಕ್ಯಾಚ್ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಎರಡು ಪುಟ ಬರೆಯಲು ಹೇಳಿ. ಒಬ್ಬ ಹುಡುಗನೂ ಪೆನ್ನು ಕೆಳಗಿಡುವುದಿಲ್ಲ.

ಪಿಯು ವಿದ್ಯಾರ್ಥಿನಿ:

ಸರ್, ಟಿವಿಯಲ್ಲಿ ವಿವರಣೆ ಕೊಡುವವರು ಮಾತ್ರ 'ಇಫ್ ಹಿ ಟೇಕ್ಸ್ ದ್ಯಾಟ್ ಕ್ಯಾಚ್, ದ ಗೇಮ್ ಈಸ್ ಓವರ್' ಎನ್ನುತ್ತಾರಲ್ಲ? ಕ್ಯಾಚ್ ಬಿಟ್ಟು ಆಗಿರುತ್ತದೆ.

ಮೂರನೆಯ ಸ್ಲಿಪ್ (ಮೈಸೂರು):

ಚೆನ್ನಾಗಿ ಗಮನಿಸಿದ್ದೀಯಮ್ಮ. ಮರುಪ್ರಸಾರದ ಚಿತ್ರ ಕಣ್ಣ ಮುಂದೆ ಓಡುತ್ತಿರುವಾಗ ಅವರು ಹಿಂದಿನದನ್ನೇ ವರ್ತಮಾನದಲ್ಲಿ ಹೇಳಿಬಿಡುತ್ತಾರೆ. ಅದು ಆ ಕೆಲಸದ ಆಡುಮಾತು. ಮರುದಿನದ ಪತ್ರಿಕೆಯಲ್ಲಿ ಅದೇ ಸಂಗತಿ 'ಇಫ್ ಹಿ ಹ್ಯಾಡ್ ಟೇಕನ್ ದ್ಯಾಟ್ ಕ್ಯಾಚ್, ದ ಗೇಮ್ ವುಡ್ ಹ್ಯಾವ್ ಬೀನ್ ಓವರ್' ಆಗಿರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟುಕೊ.

ಹಳೆಯ ಮೇಷ್ಟ್ರು (ಶಿವಮೊಗ್ಗ):

ಫಲ ಇಂದಿನದು ಎಂಬ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಕನ್ನಡದಲ್ಲಿ ಅಂಥ ಕಡೆ ಸಾಮಾನ್ಯವಾಗಿ 'ಇರುತ್ತಿತ್ತು' ಬರುತ್ತದೆ. "ಜೂನ್‌ನಲ್ಲಿ ಮಳೆ ಬಂದಿದ್ದರೆ ಈಗ ಕೆರೆ ತುಂಬಿರುತ್ತಿತ್ತು." ಇದು 'ಇಫ್ ಇಟ್ ಹ್ಯಾಡ್ ರೇನ್ಡ್ ಇನ್ ಜೂನ್, ದ ಟ್ಯಾಂಕ್ ವುಡ್ ಬಿ ಫುಲ್ ನೌ'. ತೀರಿಕೊಂಡವರ ವಿಷಯದಲ್ಲಿ ಮಾತ್ರ ಇಂಗ್ಲಿಷ್ ಎರಡನ್ನೂ ಒಪ್ಪುತ್ತದೆ. "ಅಪ್ಪ ಬದುಕಿದ್ದಿದ್ದರೆ ಇವತ್ತಿಗೆ ಎಂಬತ್ತು ತುಂಬುತ್ತಿತ್ತು" ಎನ್ನಲು 'ವುಡ್ ಬಿ ಏಯ್ಟಿ ಟುಡೇ' ಎಂದೂ 'ವುಡ್ ಹ್ಯಾವ್ ಬೀನ್ ಏಯ್ಟಿ ಟುಡೇ' ಎಂದೂ ಬರೆಯುತ್ತಾರೆ. ಯಾವುದನ್ನೂ ತಿದ್ದಬೇಡಿ.

'ಅನ್‌ಲೆಸ್' ಬಗ್ಗೆಯೂ ಎಚ್ಚರ. "ನೀವು ಸಹಾಯ ಮಾಡದಿದ್ದರೆ ನಾನು ಮುಳುಗುತ್ತಿದ್ದೆ" ಎಂಬುದಕ್ಕೆ ಮಕ್ಕಳು 'ಅನ್‌ಲೆಸ್ ಯೂ ಹ್ಯಾಡ್ ಹೆಲ್ಪ್ಡ್ ಮಿ' ಎಂದು ಬರೆಯುತ್ತಾರೆ. ನಡೆದುಹೋದದ್ದಕ್ಕೆ ಅದು ಹೊಂದುವುದಿಲ್ಲ. 'ಇಫ್ ಯೂ ಹ್ಯಾಡ್ ನಾಟ್ ಹೆಲ್ಪ್ಡ್ ಮಿ' ಅಥವಾ 'ಬಟ್ ಫಾರ್ ಯುವರ್ ಹೆಲ್ಪ್' ಎಂದು ಹೇಳಿಕೊಡಿ.

ದೂರು ವಿಭಾಗ (ಮಂಗಳೂರು):

ನನ್ನದೂ ಒಂದು ಪ್ರಶ್ನೆ. ಬೀಳ್ಕೊಡುಗೆ ಸಮಾರಂಭಕ್ಕೆ ಬರಲಾಗದವರು 'ಐ ವುಡ್ ಹ್ಯಾವ್ ಲೈಕ್ಡ್ ಟು ಹ್ಯಾವ್ ಅಟೆಂಡೆಡ್' ಎಂದು ಬರೆಯುತ್ತಾರೆ. ಎರಡು 'ಹ್ಯಾವ್' ಬೇಕೇ?

ಅನುವಾದದ ಮೇಜು (ಬೆಂಗಳೂರು):

ಒಂದು ಸಾಕು. ಆಗ ಬರಬೇಕೆಂದು ಆಸೆಯಿತ್ತು ಎಂದಾದರೆ 'ಐ ವುಡ್ ಹ್ಯಾವ್ ಲೈಕ್ಡ್ ಟು ಅಟೆಂಡ್'. ಬಂದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತಿದೆ ಎಂದಾದರೆ 'ಐ ವುಡ್ ಲೈಕ್ ಟು ಹ್ಯಾವ್ ಅಟೆಂಡೆಡ್', ಅಥವಾ ಇನ್ನೂ ಸರಳವಾಗಿ 'ಐ ವಿಶ್ ಐ ಹ್ಯಾಡ್ ಅಟೆಂಡೆಡ್'. 'ವಿಶ್' ಬಂದ ಮೇಲೆ 'ವುಡ್ ಹ್ಯಾವ್' ಬೇಡ, 'ಹ್ಯಾಡ್' ಮಾತ್ರ.

ಸಂಜೆಪಾಠ (ಹಾಸನ):

ಎಲ್ಲರಿಗೂ ವಂದನೆಗಳು. ನನಗೆ ಉಳಿದಿರುವುದು ಒಂದೇ ಅನುಮಾನ. ಕಡಲಾಚೆಯವರು ಹೇಳಿದ ಆ 'ಡ್'. 'ಇಫ್ ಐಡ್ ನೋನ್, ಐಡ್ ಹ್ಯಾವ್ ಟೋಲ್ಡ್ ಯೂ' ಎಂದು ಕಥೆಪುಸ್ತಕದಲ್ಲಿ ಬಂದರೆ ಯಾವುದು 'ಹ್ಯಾಡ್', ಯಾವುದು 'ವುಡ್' ಎಂದು ಮಕ್ಕಳು ಹೇಗೆ ಗುರುತಿಸಬೇಕು?

ಕಡಲಾಚೆ (ನ್ಯೂಜೆರ್ಸಿ):

'ಡ್' ಆದ ಮೇಲೆ ಬರುವ ಪದವನ್ನು ನೋಡಲು ಹೇಳಿ. ಮೂರನೆಯ ರೂಪ ನೇರವಾಗಿ ಬಂದರೆ, ಉದಾಹರಣೆಗೆ 'ನೋನ್', 'ಸೀನ್', 'ಗಾನ್', ಅದು 'ಹ್ಯಾಡ್'. 'ಹ್ಯಾವ್' ಅಥವಾ ಕ್ರಿಯಾಪದದ ಮೂಲರೂಪ ಬಂದರೆ 'ವುಡ್'. ನಿಮ್ಮ ವಾಕ್ಯದಲ್ಲಿ ಮೊದಲನೆಯದು 'ಹ್ಯಾಡ್', ಎರಡನೆಯದು 'ವುಡ್'. 'ಕಮ್', 'ರನ್', 'ಪುಟ್' ಮುಂತಾದವುಗಳಲ್ಲಿ ಮೂಲರೂಪವೂ ಮೂರನೆಯ ರೂಪವೂ ಒಂದೇ ಆಗಿರುವುದರಿಂದ ಈ ಗುರುತು ಕೆಲಸ ಮಾಡುವುದಿಲ್ಲ. ಅಲ್ಲಿ ವಾಕ್ಯದ ಇನ್ನೊಂದು ಅರ್ಧವನ್ನು ಓದಿ ತೀರ್ಮಾನಿಸಬೇಕು. 'ಯೂಡ್ ಬೆಟರ್ ಗೋ' ಎಂಬಲ್ಲಿ 'ಗೋ' ಮೂಲರೂಪವಾದರೂ ಅದು 'ಹ್ಯಾಡ್ ಬೆಟರ್'. ಅದೊಂದನ್ನು ಬೇರೆಯಾಗಿ ನೆನಪಿಟ್ಟುಕೊಳ್ಳಲು ಹೇಳಿ.